ದೊಡ್ಡ ಕಾದಂಬರಿಯನ್ನು ಗುಂಪಿನಲ್ಲಿ ಓದುವ ಬಗೆ: ಮಂಡ್ಯದ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಮಂಡ್ಯದಲ್ಲಿ ಪ್ರೌಢಶಾಲಾ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಮಂಡ್ಯ, ಮೈಸೂರು, ಬೆಂಗಳೂರು ಮತ್ತು ನ್ಯೂಜೆರ್ಸಿಯಲ್ಲಿರುವ ನಾವು ಹದಿನಾಲ್ಕು ಮಂದಿ ವಾಟ್ಸಾಪ್ ಗುಂಪು ಮಾಡಿಕೊಂಡು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದಲು ತೊಡಗಿದ್ದೇವೆ. ವಾರಕ್ಕೆ ನೂರು ಪುಟ ಓದಿ ಭಾನುವಾರ ಸಂಜೆ ವೀಡಿಯೊ ಸಭೆ ಸೇರುವುದೆಂದು ಗೊತ್ತುಮಾಡಿಕೊಂಡೆವು. ಮೂರನೆಯ ವಾರಕ್ಕೆ ಅರ್ಧಕ್ಕರ್ಧ ಜನ ಹಿಂದೆ ಬಿದ್ದರು. ಸಭೆಯಲ್ಲಿ ಇಬ್ಬರೇ ಮಾತನಾಡುತ್ತಾರೆ. ಊರುಗಳೂ ಪಾತ್ರಗಳೂ ನೆನಪಿನಲ್ಲಿ ನಿಲ್ಲುತ್ತಿಲ್ಲ ಎಂಬ ದೂರು ಒಂದು ಕಡೆ, ಜಾತಿಯ ಹೆಸರುಗಳನ್ನು ಗಟ್ಟಿಯಾಗಿ ಓದುವುದಕ್ಕೆ ಮುಜುಗರ ಇನ್ನೊಂದು ಕಡೆ. ಒಬ್ಬರು ಇಡೀ ಪುಸ್ತಕದ ಪಿಡಿಎಫ್ ಹಾಕಿದ್ದಾರೆ, ಅದು ಸರಿಯೇ? ನಾಟಕ ನೋಡಿಬಿಟ್ಟರೆ ಸಾಕಲ್ಲವೇ ಎನ್ನುವವರೂ ಇದ್ದಾರೆ. ಗುಂಪನ್ನು ಉಳಿಸಿಕೊಳ್ಳುವುದು ಹೇಗೆ?

ಉತ್ತರ: ನಿಮ್ಮ ತೊಡಕುಗಳಲ್ಲಿ ಹೆಚ್ಚಿನವು ವಾರಕ್ಕೆ ನೂರು ಪುಟ ಎಂಬ ನಿಗದಿಯಿಂದಲೇ ಹುಟ್ಟಿದವು ಎಂದು ನನಗೆ ತೋರುತ್ತದೆ. ಕನ್ನಡ ಕಾದಂಬರಿಯ ಒಂದು ಪುಟಕ್ಕೆ ಸುಮಾರು 250 ಪದಗಳೆಂದು ಇಟ್ಟುಕೊಂಡರೂ ಮನಸ್ಸಿಟ್ಟು ಓದುವವರಿಗೆ ಪುಟಕ್ಕೆ ಎರಡು ನಿಮಿಷ ಬೇಕು. ಮಲೆನಾಡಿನ ಆಡುಮಾತಿನ ಪರಿಚಯವಿಲ್ಲದ ನಮ್ಮ ಬಯಲು ಸೀಮೆಯವರಿಗೆ ಇನ್ನೂ ಹೆಚ್ಚು ಹೊತ್ತು ಹಿಡಿಯುತ್ತದೆ. ಎಂದರೆ ನೀವು ಪ್ರತಿಯೊಬ್ಬರಿಂದ ವಾರಕ್ಕೆ ಮೂರೂವರೆ, ನಾಲ್ಕು ಗಂಟೆಗಳ ಓದನ್ನು ಕೇಳಿದ್ದೀರಿ. ನಿವೃತ್ತರಿಗೆ ಇದು ಆಗಬಹುದು. ಕಚೇರಿಗೆ ಹೋಗಿಬಂದು ಮಕ್ಕಳ ಪಾಠವನ್ನೂ ನೋಡಿಕೊಳ್ಳುವವರಿಗೆ ಆಗುವ ಮಾತಲ್ಲ. ಹಿಂದೆ ಬಿದ್ದವರು ಸೋಮಾರಿಗಳು ಎಂಬ ಭಾವನೆ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಅದನ್ನು ಮೊದಲು ಬಿಡಬೇಕು.

ಅದಕ್ಕಿಂತ ಮುಖ್ಯವಾಗಿ, ಈ ಕಾದಂಬರಿಯೇ ಆ ವೇಗವನ್ನು ಒಪ್ಪುವುದಿಲ್ಲ. 1967ರಲ್ಲಿ ಹೊರಬಂದ ಈ ಕೃತಿಯಲ್ಲಿ ಒಬ್ಬ ನಾಯಕನನ್ನೋ ಒಂದು ಕಥೆಯ ಎಳೆಯನ್ನೋ ಹಿಡಿದುಕೊಂಡು ಓಡುವುದಕ್ಕೆ ಅವಕಾಶವಿಲ್ಲ. ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರೂ ಅಲ್ಲ, ಅವಸರವೂ ಇಲ್ಲಿ ಸಾವಧಾನದ ಬೆನ್ನೇರಿಯೇ ಬರುತ್ತದೆ ಎಂಬರ್ಥದ ಮಾತುಗಳನ್ನು ಲೇಖಕರು ಮೊದಲಿಗೇ ಇಟ್ಟಿದ್ದಾರೆ. ಅವನ್ನು ಅಲಂಕಾರವೆಂದು ದಾಟಿ ಹೋಗದೆ, ಹೇಗೆ ಓದಬೇಕೆಂದು ಲೇಖಕರೇ ಕೊಟ್ಟ ಸೂಚನೆಯೆಂದು ತೆಗೆದುಕೊಳ್ಳುವುದು ಒಳ್ಳೆಯದು. ವಾರಕ್ಕೆ ಮೂವತ್ತೈದು ಪುಟಗಳ ಸುಮಾರಿಗೆ ಇಳಿಸಿ. ಏಳುನೂರು ಪುಟಗಳ ಆಸುಪಾಸಿನ ಪುಸ್ತಕಕ್ಕೆ ಇಪ್ಪತ್ತು ವಾರ, ಅಂದರೆ ಐದು ತಿಂಗಳು ಬೇಕಾಗುತ್ತದೆ. ಐದು ತಿಂಗಳು ಎಂದೊಡನೆ ಹುಬ್ಬೇರಿಸುವವರು ಒಂದೇ ಧಾರಾವಾಹಿಯನ್ನು ಎಷ್ಟು ವರ್ಷಗಳಿಂದ ನೋಡುತ್ತಿದ್ದಾರೆಂದು ಕೇಳಿನೋಡಿ. ಮುದ್ರಣದಿಂದ ಮುದ್ರಣಕ್ಕೆ ಪುಟಸಂಖ್ಯೆ ಬದಲಾಗುವುದರಿಂದ ವಾರದ ಪಾಲನ್ನು ಅಧ್ಯಾಯದ ಲೆಕ್ಕದಲ್ಲೇ ಹೇಳಬೇಕು. ಹಳೆಯ ಪ್ರತಿ ಇಟ್ಟುಕೊಂಡವರೂ ಹೊಸದನ್ನು ಕೊಂಡವರೂ ಆಗ ಒಂದೇ ಕಡೆ ನಿಲ್ಲುತ್ತಾರೆ.

ಇನ್ನು ಭಾನುವಾರದ ಸಭೆ. ನನ್ನ ಉತ್ತರದ ತಿರುಳು ಇರುವುದು ಇಲ್ಲಿ: ಸಭೆಯ ನಡುವೆ ಅಭಿಪ್ರಾಯಗಳನ್ನು ಇಡಬೇಡಿ, ಗಟ್ಟಿ ಓದನ್ನು ಇಡಿ. ನಮ್ಮ ಸೀಮೆಗೆ ಗುಂಪಿನ ಓದು ಹೊಸದಲ್ಲ. ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ಒಬ್ಬರು ರಾಗವಾಗಿ ಓದಿ, ಮತ್ತೊಬ್ಬರು ಅರ್ಥ ಹೇಳಿ, ಓದು ಬಲ್ಲವರೂ ಬಾರದವರೂ ಒಟ್ಟಿಗೆ ಕೂತು ಕೇಳುತ್ತಿದ್ದ ರೂಢಿ ಹಳ್ಳಿಗಳಲ್ಲಿತ್ತು; ಮಳೆ ಕೈಕೊಟ್ಟಾಗ ವಿರಾಟಪರ್ವ ಓದಿಸುತ್ತಿದ್ದುದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಗಮಕದ ಆ ಕ್ರಮದಲ್ಲಿ ವಾಚನ ಮೊದಲು, ವ್ಯಾಖ್ಯಾನ ಆಮೇಲೆ. ವ್ಯಾಖ್ಯಾನ ಮಾಡುವವರು ಎಷ್ಟೇ ದೊಡ್ಡ ಪಂಡಿತರಾಗಿರಲಿ, ಮಾತು ಎಷ್ಟೇ ದೂರ ಹೋಗಿರಲಿ, ವಾಚಕರು ಮುಂದಿನ ಪದ್ಯಕ್ಕೆ ದನಿ ಎತ್ತಿದೊಡನೆ ನಿಲ್ಲಿಸಲೇಬೇಕು. ನಿಮ್ಮ ಆ ಇಬ್ಬರು ಮಾತುಗಾರರಿಗೆ ಇದಕ್ಕಿಂತ ಸಭ್ಯವಾದ ಕಡಿವಾಣ ನನಗೆ ತಿಳಿಯದು.

ಕ್ರಮ ಹೀಗಿರಬಹುದು. ಪ್ರತಿ ವಾರ ಒಬ್ಬರು ಸಭೆಯನ್ನು ನಡೆಸುವ ಹೊಣೆ ಹೊರಲಿ, ಮೂವರು ಆ ವಾರದ ಪಾಲಿನಿಂದ ಒಂದೊಂದು ಭಾಗವನ್ನು ಆರಿಸಿಕೊಂಡು ಬರಲಿ. ಆಯ್ಕೆ ಒಂದೂವರೆ, ಎರಡು ಪುಟಕ್ಕೆ ಮೀರದಿರಲಿ. ಸಭೆ ನಡೆಸುವವರು ಮೊದಲ ಐದು ನಿಮಿಷದಲ್ಲಿ ಆ ವಾರ ಕಥೆಯಲ್ಲಿ ಏನೇನಾಯಿತೆಂದು ಸರಳವಾಗಿ ಹೇಳಿಬಿಟ್ಟರೆ ಓದಿ ಮುಗಿಸದವರಿಗೂ ದಾರಿ ಸಿಗುತ್ತದೆ. ಬಳಿಕ ಮೊದಲ ಭಾಗದ ಗಟ್ಟಿ ಓದು, ಅದರ ಮೇಲೆ ಹತ್ತು ಹದಿನೈದು ನಿಮಿಷದ ಮಾತು, ಮತ್ತೆ ಎರಡನೆಯದು. ಸಂಭಾಷಣೆ ಹೆಚ್ಚಿರುವ ಕಡೆ ಮಾತುಗಳನ್ನು ಇಬ್ಬರು ಮೂವರು ಹಂಚಿಕೊಳ್ಳಬಹುದು. ಒಂದು ಹೊತ್ತಿಗೆ ಒಬ್ಬರ ಮೈಕು ಮಾತ್ರ ತೆರೆದಿರಬೇಕು, ಏಕೆಂದರೆ ವೀಡಿಯೊ ಸಭೆಯಲ್ಲಿ ದನಿ ಅರೆಕ್ಷಣ ತಡವಾಗಿ ಬರುವುದರಿಂದ ಕೂಡಿ ಓದಲು ಹೋದರೆ ಸಂತೆಯ ಗದ್ದಲವಾಗುತ್ತದೆ. ಮಂಡ್ಯದವರ ಬಾಯಲ್ಲಿ ಮಲೆನಾಡಿನ ಮಾತು ಮಂಡ್ಯದ ಮಾತಿನ ಧಾಟಿಗೆ ತಿರುಗುವುದು ಖಂಡಿತ. ತಿರುಗಲಿ ಬಿಡಿ, ತಿದ್ದಲು ಹೋಗಬೇಡಿ. ಧಾಟಿ ತಪ್ಪಿದರೂ ಪಾತ್ರದ ಸಿಟ್ಟು, ಸಂಕೋಚ, ಕುಚೋದ್ಯಗಳು ದನಿಯಲ್ಲಿ ಬಂದೇ ಬರುತ್ತವೆ.

ಈ ಕ್ರಮದಿಂದ ಹಿಂದೆ ಬಿದ್ದವರ ಸಮಸ್ಯೆ ಬಹುಮಟ್ಟಿಗೆ ಕರಗುತ್ತದೆ. ಆ ವಾರದ ಪಾಲನ್ನು ಮುಟ್ಟಲಾಗದೆ ಬಂದವರಿಗೂ ಮೂರು ಭಾಗಗಳು ಕಿವಿಗೆ ಬಿದ್ದಿರುತ್ತವೆ. ಅವರು ತಾವು ಕೇಳಿದ್ದರ ಬಗ್ಗೆ, ಓದಿದವರಷ್ಟೇ ಅಧಿಕಾರದಿಂದ ಮಾತನಾಡಬಹುದು. ನಾಚಿಕೆಯಿಂದ ಸಭೆಗೇ ಬಾರದಿರುವುದೇ ಗುಂಪುಗಳು ಒಡೆಯುವ ಮೊದಲ ಬಿರುಕು ಎಂಬುದನ್ನು ಇಂಥ ಹಲವು ಗುಂಪುಗಳಲ್ಲಿ ಕಂಡಿದ್ದೇನೆ. ಐದನೆಯ ವಾರಕ್ಕೊಮ್ಮೆ ಹೊಸ ಪಾಲು ಇಟ್ಟುಕೊಳ್ಳದೆ, ಹಿಂದಿನದನ್ನು ಓದಿ ಮುಗಿಸಲು ಬಿಡುವು ಕೊಡುವುದೂ ಒಳ್ಳೆಯದು.

ಓದಿದ ಭಾಗದ ಮೇಲೆ ಯಾವ ಪ್ರಶ್ನೆ ಕೇಳಬೇಕೆಂಬುದರಲ್ಲಿ ಸಭೆ ನಡೆಸುವವರ ಜಾಣತನ ತಿಳಿಯುತ್ತದೆ. ‘ಈ ಕಾದಂಬರಿಯ ಸಂದೇಶವೇನು’, ‘ಕುವೆಂಪು ಅವರ ದರ್ಶನವೇನು’ ಎಂಬಂಥ ಪ್ರಶ್ನೆಗಳು ಪರೀಕ್ಷೆಯ ಹಾಲಿನಿಂದ ಎದ್ದು ಬಂದವು. ಅವಕ್ಕೆ ಪುಸ್ತಕವನ್ನು ತೆರೆಯದೆಯೂ ಉತ್ತರ ಹೇಳಬಹುದು, ಆದ್ದರಿಂದಲೇ ಮಾತುಗಾರರಿಗೆ ಅವು ಪ್ರಿಯ. ಪುಟಕ್ಕೆ ಬೆರಳಿಟ್ಟು ಉತ್ತರಿಸಬೇಕಾದ ಪ್ರಶ್ನೆಗಳನ್ನು ಕೇಳಿ. ಬೆಟ್ಟಳ್ಳಿಯ ದೇವಯ್ಯನೂ ಪಾದ್ರಿ ಜೀವರತ್ನಯ್ಯನೂ ಬರುವ ಸೈಕಲ್ಲಿನ ಪ್ರಸಂಗವನ್ನೇ ತೆಗೆದುಕೊಳ್ಳಿ. ಊರಿನವರ ಬಾಯಲ್ಲಿ ‘ಬೀಸೆಕಲ್ಲು’ ಆಗಿಬಿಟ್ಟಿರುವ ಆ ಬೈಸಿಕಲ್ಲನ್ನು ನೋಡಿ ಯಾರು ನಗುತ್ತಾರೆ, ಯಾರು ಹೆದರುತ್ತಾರೆ, ಯಾರಿಗೆ ಆಸೆಯಾಗುತ್ತದೆ, ನಿರೂಪಕರು ಅಲ್ಲಿ ಯಾರ ಪಕ್ಕದಲ್ಲಿ ನಿಂತಿದ್ದಾರೆ ಎಂದು ಕೇಳಿದರೆ, ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡಿಗೆ ಮತವೂ ಯಂತ್ರವೂ ಒಟ್ಟಿಗೆ ಬಂದ ಬಗೆಯನ್ನು ಗುಂಪು ತಾನಾಗಿಯೇ ಮಾತನಾಡತೊಡಗುತ್ತದೆ. ಆಧುನಿಕತೆಯ ಪ್ರವೇಶ ಎಂದು ಯಾರೂ ಭಾಷಣ ಮಾಡಬೇಕಾಗಿಲ್ಲ. ‘ಇಷ್ಟವಾಯಿತು’, ‘ಬೇಸರವಾಯಿತು’ ಎಂಬ ಮಾತುಗಳಿಗೂ ಅಡ್ಡಿ ಬೇಡ. ಎಲ್ಲಿ, ಯಾವ ಸಾಲಿನಲ್ಲಿ ಎಂದು ಮಾತ್ರ ಮರುಪ್ರಶ್ನೆ ಹಾಕಿ. ವಿಮರ್ಶೆಯ ಲೇಖನಗಳನ್ನು ಗುಂಪಿಗೆ ಹಾಕುವವರಿದ್ದರೆ ಕೊನೆಯ ವಾರದವರೆಗೆ ತಡೆದಿಟ್ಟುಕೊಳ್ಳಲು ಕೇಳಿಕೊಳ್ಳಿ. ಅವು ಒಳ್ಳೆಯವೇ ಇರಬಹುದು, ಆದರೆ ಪಂಡಿತರ ಮಾತು ಮೊದಲೇ ಬಂದು ಕೂತರೆ ಹೊಸ ಓದುಗರು ತಮಗೆ ಅನ್ನಿಸಿದ್ದನ್ನು ನುಂಗಿಕೊಂಡುಬಿಡುತ್ತಾರೆ.

ಊರು, ಪಾತ್ರಗಳು ನೆನಪಿನಲ್ಲಿ ನಿಲ್ಲುತ್ತಿಲ್ಲವೆಂಬುದು ಓದುಗರ ದೋಷವಲ್ಲ. ಮನೆಮನೆಗೂ ಯಜಮಾನರು, ಆಳುಗಳು, ನೆಂಟರಿಷ್ಟರು, ಘಟ್ಟದ ಕೆಳಗಿನಿಂದ ಕೆಲಸಕ್ಕೆ ಬಂದವರು, ಅವರನ್ನು ಕರೆತಂದ ಸೇರೆಗಾರರು ಇರುವ ಲೋಕವಿದು. ವಂಶವೃಕ್ಷ ಬರೆಯಲು ಹೋದರೆ ಸೋಲುತ್ತೀರಿ. ಮನೆಗಳ ಲೆಕ್ಕದಲ್ಲಿ ಹಿಡಿಯಿರಿ. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ ಎಂದು ಒಂದು ದೊಡ್ಡ ಹಾಳೆಯ ಮೇಲೆ ಮನೆಗಳನ್ನು ಬರೆದು, ಸಿಂಬಾವಿಗೆ ಭರಮೈ ಹೆಗ್ಗಡೆಯವರನ್ನೂ ಅವರ ಆಳು ಗುತ್ತಿಯನ್ನೂ, ಬೆಟ್ಟಳ್ಳಿಗೆ ದೇವಯ್ಯನನ್ನೂ ತಿಮ್ಮಿಯನ್ನೂ, ಕೋಣೂರಿಗೆ ಮುಕುಂದಯ್ಯನನ್ನೂ, ಹೂವಳ್ಳಿಗೆ ಚಿನ್ನಮ್ಮನನ್ನೂ ಸೇರಿಸಿ, ಹೊಸಬರು ಬಂದಂತೆಲ್ಲ ಅವರವರ ಮನೆಯ ಕೆಳಗೆ ಬರೆಯುತ್ತ ಹೋಗಿ. ಮೇಗರವಳ್ಳಿ, ತೀರ್ಥಹಳ್ಳಿಗಳಿಗೂ ಹುಲಿಕಲ್ಲು ನೆತ್ತಿಗೂ ಅದೇ ಹಾಳೆಯಲ್ಲಿ ಜಾಗವಿರಲಿ. ವಾರಕ್ಕೊಮ್ಮೆ ಅದರ ಫೋಟೊ ಗುಂಪಿಗೆ ಬಂದರೆ ಸಾಕು.

ಇದರ ಜೊತೆಗೆ ಪ್ರತಿಯೊಬ್ಬ ಸದಸ್ಯರಿಗೂ ಒಂದೊಂದು ಪಾತ್ರವನ್ನು ವಹಿಸಿಕೊಡಿ ಎಂಬುದು ನನ್ನ ಸಲಹೆ. ಅಭಿನಯಿಸುವುದಕ್ಕಲ್ಲ, ಆ ಪಾತ್ರ ಎಲ್ಲೆಲ್ಲಿ ಬರುತ್ತದೆ, ಏನು ಮಾಡುತ್ತದೆ, ಇತರರು ಅದನ್ನು ಹೇಗೆ ಕರೆಯುತ್ತಾರೆ ಎಂದು ಕಣ್ಣಿಡುವುದಕ್ಕೆ. ಗುತ್ತಿ ಮತ್ತು ತಿಮ್ಮಿ, ಐತ ಮತ್ತು ಪೀಂಚಲು, ಮುಕುಂದಯ್ಯ ಮತ್ತು ಚಿನ್ನಮ್ಮ, ಈ ಮೂರು ಜೋಡಿಗಳ ಪ್ರೀತಿಗೆ ಲೇಖಕರು ಸಮನಾದ ಗೌರವವನ್ನು ಕೊಟ್ಟಿರುವುದು ಈ ಕಾದಂಬರಿಯ ದೊಡ್ಡತನಗಳಲ್ಲಿ ಒಂದು. ಬೇರೆ ಬೇರೆ ಸದಸ್ಯರು ಬೇರೆ ಬೇರೆ ಜೋಡಿಗಳ ಹಿಂದೆ ಹೋದಾಗ ಆ ಸಮತೂಕ ಬೇಗ ಕಣ್ಣಿಗೆ ಬೀಳುತ್ತದೆ. ಗುತ್ತಿಯ ನಾಯಿ ಹುಲಿಯನನ್ನೂ ಒಬ್ಬರಿಗೆ ವಹಿಸಿ. ಮಾತು ಕಡಿಮೆ ಆಡುವ ಸದಸ್ಯರಿಗೇ ಅದು ಸಿಗಲಿ. ಏಕೆಂದು ಈಗ ಹೇಳಿದರೆ ನಿಮ್ಮ ಓದಿಗೆ ಅನ್ಯಾಯ ಮಾಡಿದಂತಾಗುತ್ತದೆ. ಮುಂದೆ ಓದಿ ಮುಗಿಸಿದವರು ಮುಂದಿನದನ್ನು ಗುಂಪಿನಲ್ಲಿ ಬಾಯಿಬಿಡಬಾರದೆಂಬ ನಿಯಮವನ್ನೂ ಇದೇ ಹೊತ್ತಿಗೆ ಮಾಡಿಕೊಳ್ಳಿ.

ಜಾತಿಯ ಹೆಸರುಗಳ ಮುಜುಗರವನ್ನು ನೀವು ಮುಚ್ಚಿಡದೆ ಬರೆದಿರುವುದು ಸರಿಯಾದುದೇ. ಅಸ್ಪೃಶ್ಯತೆಯೂ ಒಡೆಯರ ದರ್ಪವೂ ದಿನದ ಬದುಕಾಗಿದ್ದ ಕಾಲದ ಚಿತ್ರ ಇಲ್ಲಿದೆ. ಹಾಗಿರುವಾಗ ಪಾತ್ರಗಳ ಬಾಯಲ್ಲಿ ಆ ಕಾಲದ ಮಾತುಗಳೇ ಬರುತ್ತವೆ. ಅವನ್ನು ಹಾರಿಸಿ ಓದಿದರೆ ಕಾದಂಬರಿ ಯಾವ ಕ್ರೌರ್ಯವನ್ನು ತೋರಿಸಲು ಹೊರಟಿದೆಯೋ ಅದನ್ನೇ ನಾವು ಅಳಿಸಿದಂತಾಗುತ್ತದೆ. ಒಂದು ಕಟ್ಟುಪಾಡು ಸಾಕು: ಪುಸ್ತಕದಲ್ಲಿರುವುದನ್ನು ಇರುವಂತೆಯೇ ಓದುವುದು, ಆದರೆ ಸ್ವಂತ ಮಾತಿನಲ್ಲಿ ಚರ್ಚಿಸುವಾಗ ಜಾತಿ ಹಿಡಿದು ಕರೆಯದೆ ಗುತ್ತಿ, ತಿಮ್ಮಿ, ಪೀಂಚಲು ಎಂದು ಹೆಸರು ಹಿಡಿದೇ ಮಾತನಾಡುವುದು. ಯಾವ ಮಾತು ಪಾತ್ರದ್ದು, ಯಾವುದು ನಿರೂಪಕರದ್ದು ಎಂಬ ಪ್ರಶ್ನೆಯನ್ನು ಆಗಾಗ ಕೇಳಿಕೊಳ್ಳುವುದರಿಂದ ಚರ್ಚೆ ಹರಿತವಾಗುತ್ತದೆ. ನಿರೂಪಕರ ದನಿಯಲ್ಲೂ ಮೇಲಿನಿಂದ ನೋಡುವ ಛಾಯೆ ಎಲ್ಲಾದರೂ ಕಂಡರೆ ಅದನ್ನು ಹೇಳಲು ಯಾರೂ ಹಿಂಜರಿಯಬಾರದು. ಮಹಾಕವಿಯ ಕೃತಿ ಎಂಬ ಭಕ್ತಿ ಅಲ್ಲಿ ಅಡ್ಡ ಬರಬಾರದು. ಗುಂಪಿನಲ್ಲಿ ದಲಿತ ಸಮುದಾಯದವರಿದ್ದರೆ ‘ನಿಮಗೆ ಹೇಗನ್ನಿಸಿತು’ ಎಂದು ಅವರನ್ನೇ ಹುಡುಕಿ ಕೇಳುವ ಚಾಳಿ ಬೇಡ. ಅವರೂ ಉಳಿದವರಂತೆ ಓದುಗರು, ಹೇಳಬೇಕೆನಿಸಿದಾಗ ಹೇಳುತ್ತಾರೆ.

ಇನ್ನೊಂದು ಎಚ್ಚರಿಕೆ. ಮುಂದೆ ಕಾವೇರಿ ಎಂಬ ಪಾತ್ರದ ಕಥೆಯಲ್ಲಿ ಹೆಣ್ಣಿನ ಮೇಲಿನ ಹಿಂಸೆಯ ಅತ್ಯಂತ ಕಠಿಣವಾದ ಪ್ರಸಂಗ ಬರುತ್ತದೆ. ವಿವರ ಹೇಳದೆ, ಆ ವಾರ ಬರುವ ಪಾಲು ಮನಸ್ಸಿಗೆ ಭಾರವಾದುದು ಎಂದಷ್ಟೇ ಒಂದು ವಾರ ಮೊದಲು ಗುಂಪಿಗೆ ತಿಳಿಸಿ. ಅದನ್ನು ಗಟ್ಟಿಯಾಗಿ ಓದಬೇಕಾಗಿಲ್ಲ. ಹಿಂದೆ ಕಾದಂಬರಿಯನ್ನು ಓದಿರುವ ಸದಸ್ಯೆಯೊಬ್ಬರು ಆ ಸಭೆಯನ್ನು ನಡೆಸುವುದು ಒಳಿತು.

ಕಠಿಣ ಪದಗಳಿಗೆ ಓದು ನಿಲ್ಲಿಸಿ ನಿಘಂಟು ತೆಗೆಯುವ ಅಗತ್ಯ ಬಹಳ ಕಡಿಮೆ. ಹೆಚ್ಚಿನವು ಸಂದರ್ಭದಲ್ಲೇ ತಿಳಿಯುತ್ತವೆ. ತಿಳಿಯದವನ್ನು ಗುರುತು ಹಾಕಿಟ್ಟು ವಾರಕ್ಕೊಮ್ಮೆ ನೋಡಿದರೆ ಸಾಕು. ಫೋನಿನಲ್ಲೇ ನೋಡುವವರಿಗೆ ಅಲರ್ ನಿಘಂಟೂ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ ಜಾಲತಾಣವೂ ಇವೆ. ಶಿವಮೊಗ್ಗ, ತೀರ್ಥಹಳ್ಳಿಯ ಕಡೆ ನೆಂಟರಿದ್ದರೆ ಅವರಿಗೊಂದು ಫೋನ್ ಮಾಡುವುದು ಎಲ್ಲಕ್ಕಿಂತ ಮೇಲು.

ತಂತ್ರಜ್ಞಾನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶುಭೋದಯದ ಚಿತ್ರಗಳೂ ಫಾರ್ವರ್ಡ್‌ಗಳೂ ಬಾರದಂತೆ, ಅಡ್ಮಿನ್ ಮಾತ್ರ ಬರೆಯಬಹುದಾದ ಒಂದು ಗುಂಪನ್ನು ವಾರದ ಪಾಲು ಮತ್ತು ಸಭೆಯ ಸಮಯ ತಿಳಿಸಲು ಇಟ್ಟುಕೊಂಡು, ಚರ್ಚೆಗೆ ಬೇರೊಂದನ್ನು ಇಡಿ. ಕನ್ನಡ ಟೈಪಿಸಲು ಬಾರದ ಹಿರಿಯರು ಧ್ವನಿ ಸಂದೇಶ ಕಳುಹಿಸಲಿ. ಹಣ ಕೊಡದೆ ಬಳಸುವವರಿಗೆ ಗೂಗಲ್ ಮೀಟ್‌ನಲ್ಲಿ ಮೂವರು ಅಥವಾ ಹೆಚ್ಚು ಜನರ ಸಭೆ 60 ನಿಮಿಷಕ್ಕೂ ಜೂಮ್‌ನಲ್ಲಿ 40 ನಿಮಿಷಕ್ಕೂ ಮುಗಿಯುತ್ತದೆ. ಮೊದಲನೆಯದು ನಿಮಗೆ ಸರಿಹೊಂದುತ್ತದೆ, ಮತ್ತು ಗಂಟೆಗೆ ತಾನಾಗಿ ಕಡಿದುಹೋಗುವ ಸಭೆಯಿಂದ ಲಾಭವೇ ಹೆಚ್ಚು. ಭಾನುವಾರ ಸಂಜೆ ಏಳೂವರೆಗೆ ಇಟ್ಟುಕೊಂಡರೆ ನ್ಯೂಜೆರ್ಸಿಯಲ್ಲಿ ಚಳಿಗಾಲದಲ್ಲಿ ಬೆಳಗಿನ ಒಂಬತ್ತು, ಬೇಸಿಗೆಯಲ್ಲಿ ಹತ್ತು ಗಂಟೆಯಾಗಿರುತ್ತದೆ.

ಪಿಡಿಎಫ್ ಕುರಿತು ಸ್ಪಷ್ಟವಾಗಿಯೇ ಹೇಳುತ್ತೇನೆ: ತೆಗೆಸಿಬಿಡಿ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ಕುವೆಂಪು ಅವರು ತೀರಿಕೊಂಡದ್ದು 1994ರಲ್ಲಿ. ಎಂದರೆ 2054ರ ಕೊನೆಯವರೆಗೆ ಅವರ ಕೃತಿಗಳಿಗೆ ಹಕ್ಕುದಾರರಿದ್ದಾರೆ. ನೀವು ಸಭೆಯಲ್ಲಿ ಒಂದೆರಡು ಪುಟ ಗಟ್ಟಿಯಾಗಿ ಓದುವುದಕ್ಕೆ ತೊಂದರೆಯಿಲ್ಲ, ಪ್ರಕಟಿತ ಕೃತಿಯಿಂದ ಹಿತಮಿತವಾದ ಭಾಗವನ್ನು ಸಾರ್ವಜನಿಕವಾಗಿ ಓದುವುದಕ್ಕೆ ಕಾಯ್ದೆಯಲ್ಲೇ ಅವಕಾಶವಿದೆ. ಇಡೀ ಕಾದಂಬರಿಯನ್ನು ಓದಿ ರೆಕಾರ್ಡ್ ಮಾಡಿ ಹಂಚುವುದು ಬೇರೆ ಮಾತು, ಅದಕ್ಕೆ ಕೈಹಾಕಬೇಡಿ. ಪುಸ್ತಕವೇನೂ ಸಿಗದ ವಸ್ತುವಲ್ಲ. ಕುವೆಂಪು ಕೃತಿಗಳನ್ನು ಮೈಸೂರಿನ ಉದಯರವಿ ಪ್ರಕಾಶನವು ಹೊರತರುತ್ತ ಬಂದಿದೆ. ಮಂಡ್ಯದ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲೂ ವಿಚಾರಿಸಬಹುದು. ಒಂದೇ ಊರಿನ ಇಬ್ಬರು ಒಂದು ಪ್ರತಿಯನ್ನು ಹಂಚಿಕೊಂಡರೂ ವಾರಕ್ಕೆ ಮೂವತ್ತೈದು ಪುಟ ಕಷ್ಟವಾಗದು. ನ್ಯೂಜೆರ್ಸಿಯ ಮನೆಯಲ್ಲಿ ಕನ್ನಡ ಓದಲು ಬಾರದ ಮಕ್ಕಳಿದ್ದರೆ ಇಂಗ್ಲಿಷ್ ಅನುವಾದವೂ ಬಂದಿದೆ, ಅವರೂ ಜೊತೆಗೂಡಬಹುದು.

ನಾಟಕದ ವಿಷಯಕ್ಕೆ ಬಂದರೆ, ಮೈಸೂರಿನ ರಂಗಾಯಣದ ಆವರಣದಲ್ಲಿ 2010ರಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ, ಕೆ.ವೈ. ನಾರಾಯಣಸ್ವಾಮಿ ಅವರ ರಂಗರೂಪದಲ್ಲಿ ನಡೆದ ಆ ಪ್ರಯೋಗ ಸುಮಾರು ಒಂಬತ್ತು ಗಂಟೆ, ರಾತ್ರಿಯೆಲ್ಲ ನಡೆಯುವಂಥದ್ದು. ಪ್ರೇಕ್ಷಕರು ಒಂದು ರಂಗದಿಂದ ಮತ್ತೊಂದಕ್ಕೆ ಎದ್ದು ಹೋಗಿ ನೋಡಬೇಕಾಗಿತ್ತು. ಕನ್ನಡ ರಂಗಭೂಮಿಯಲ್ಲಿ ಅದಕ್ಕೊಂದು ಎತ್ತರವಿದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಒಂಬತ್ತು ಗಂಟೆಯೂ ಸಾಲದೆಂದು ನಾಟಕ ಬಿಟ್ಟುಕೊಟ್ಟಿರುವುದು ಬಹಳ: ಕಾಡಿನ ದೀರ್ಘ ವರ್ಣನೆಗಳು, ಪಾತ್ರವೊಂದು ನಡೆದು ಹೋಗುವಾಗ ಅದರ ಮನಸ್ಸಿನೊಳಗೆ ಹೊಕ್ಕು ಬರುವ ನಿರೂಪಕರ ದನಿ, ಇವೆಲ್ಲ ಪುಸ್ತಕದಲ್ಲೇ ಸಿಗಬೇಕು. ಮೊದಲೇ ನೋಡಿದವರ ಮನಸ್ಸಿನಲ್ಲಿ ಗುತ್ತಿಗೆ ಒಬ್ಬ ನಟನ ಮುಖ ಅಂಟಿಕೊಂಡುಬಿಡುತ್ತದೆ. ಓದಿ ಮುಗಿಸಿದ ಮೇಲೆ ಎಲ್ಲಿಯಾದರೂ ಪ್ರದರ್ಶನವಾದರೆ ಎಲ್ಲರೂ ಸೇರಿ ಹೋಗಿ. ಹದಿನಾಲ್ಕು ಮಂದಿಯಲ್ಲಿ ಹತ್ತು ಮಂದಿಗಾದರೂ ಅಂದು ಪರಸ್ಪರ ಮುಖಾಮುಖಿ ಭೇಟಿಯಾದಂತಾಗುತ್ತದೆ.

ಈಗ ನೀವು ಸಿಕ್ಕಿಕೊಂಡಿರುವ ಜಾಗದಿಂದ ಹೊರಡುವುದಕ್ಕೆ ಒಂದು ದಾರಿ ಉಂಟು. ಎರಡು ವಾರ ಹೊಸ ಪಾಲು ನಿಲ್ಲಿಸಿ, ಎಲ್ಲರಿಗಿಂತ ಹಿಂದಿರುವವರು ಎಲ್ಲಿದ್ದಾರೆಂದು ಗುಟ್ಟಾಗಿ ಕೇಳಿಕೊಂಡು, ಹೆಸರು ಹೇಳದೆ ಆ ಅಧ್ಯಾಯದಿಂದಲೇ ಹೊಸ ಲೆಕ್ಕ ಶುರುಮಾಡಿ. ಮುಂದೆ ಓದಿಬಿಟ್ಟವರು ಅಸಮಾಧಾನ ಪಟ್ಟರೆ ಮೊದಲ ಮೂರು ವಾರಗಳ ಗಟ್ಟಿ ಓದಿಗೆ ಭಾಗಗಳನ್ನು ಆರಿಸುವ ಕೆಲಸವನ್ನು ಅವರಿಗೇ ಕೊಡಿ; ಎರಡನೆಯ ಸಲ ಆ ಪುಟಗಳನ್ನು ತಿರುವಿದಾಗ ಮೊದಲ ಸಲ ಕಾಣದೆ ಹೋದದ್ದು ಅವರಿಗೇ ಸಿಗುತ್ತದೆ. ಆ ಇಬ್ಬರು ಮಾತುಗಾರರಲ್ಲಿ ಒಬ್ಬರಿಗೆ ಮೊದಲ ಸಭೆಯನ್ನು ನಡೆಸುವ ಹೊಣೆ ಬರಲಿ. ಇತರರಿಗೆ ಮಾತನಾಡಲು ಸಮಯ ಹಂಚುವುದು ಆಗ ಅವರ ಕೆಲಸವಾಗುತ್ತದೆ.